ಯಾವ ವಯಸ್ಸಿಗೆ ಏನು ನೋಡಬೇಕು: ಅಳಿಯನಿಗೊಂದು ಪತ್ರ

ಪ್ರೀತಿಯ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಜೀನ್ ಟೆಸ್ಟಿನ ರಿಪೋರ್ಟ್ ಬಂದ ವಿಷಯ ನಿನ್ನಮ್ಮ ಹೇಳಿದಳು. 11778 ಅಂತ ಬಂದಿದೆಯಂತೆ, ಅಂದರೆ ಕಣ್ಣಿನ ನರ ಕೆಡಿಸಿ ದೃಷ್ಟಿ ಕಳೆಯಬಲ್ಲ ಲೆಬರ್ ಕಾಯಿಲೆಯ ದೋಷ. ನನ್ನದೂ ಅದೇ ನಂಬರು. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ನಿನ್ನ ಅಜ್ಜಿಯಿಂದ ನಮ್ಮೆಲ್ಲರಿಗೂ ಬಂತು, ನಿನ್ನಮ್ಮನಿಂದ ನಿನಗೂ ನಿನ್ನ ತಂಗಿಗೂ ಬಂತು. ಆದರೆ ನೀನು ಮೊನ್ನೆ ಕೇಳಿದ ಪ್ರಶ್ನೆ ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವಂಥದ್ದಲ್ಲ. "ಮಾವ, ನನಗೀಗ ಇಪ್ಪತ್ತೊಂದು. ಮೂವತ್ತೈದು ದಾಟಿಸಿಬಿಟ್ಟರೆ ಪಾರಾದ ಹಾಗೇ ಅಲ್ವಾ?" ಅಂದೆ. ಅದಕ್ಕೆ ಪೂರ್ತಿ ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಅದಕ್ಕೇ ಈ ಪತ್ರ. ಬರೆಯುವುದು ಅಂದರೇನು, ನಾನು ಫೋನಿಗೆ ಹೇಳುತ್ತೇನೆ, ಅದು ಬರೆದುಕೊಂಡು ನನಗೇ ಓದಿ ಹೇಳುತ್ತದೆ. ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದರೆ ಅದನ್ನೇ ಬೈದುಕೋ, ನನ್ನನ್ನಲ್ಲ.

ಮೊದಲಿಗೆ ಒಂದು ಮಾತು. ರಿಪೋರ್ಟಲ್ಲಿ ನಂಬರು ಬಂದವರಿಗೆಲ್ಲ ಕಣ್ಣು ಹೋಗುವುದಿಲ್ಲ. ಹಳೆಯ ಲೆಕ್ಕದ ಪ್ರಕಾರ ಈ ದೋಷ ಇರುವ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ದೃಷ್ಟಿ ಕೆಡುತ್ತದೆ. ಅದು ಕಾಯಿಲೆ ಜಾಸ್ತಿ ಇದ್ದ ಮನೆಗಳನ್ನು ನೋಡಿ ಹಾಕಿದ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಇಡೀ ದೇಶದ ಕುಟುಂಬಗಳನ್ನು ಹುಡುಕಿ 2021ರಲ್ಲಿ ಹೊರತಂದ ಲೆಕ್ಕದಲ್ಲಿ ಗಂಡಸರಿಗೆ ಶೇಕಡಾ 17-18, ಹೆಂಗಸರಿಗೆ ಶೇಕಡಾ 5ರಷ್ಟೇ ಸಿಕ್ಕಿತು. ನಿನ್ನಮ್ಮನನ್ನೇ ನೋಡು. ಅದೇ ನಂಬರು ಇಟ್ಟುಕೊಂಡು ಇವತ್ತಿಗೂ ಸೂಜಿಗೆ ದಾರ ಪೋಣಿಸುತ್ತಾಳೆ.

ಈಗ ವಯಸ್ಸಿನ ವಿಷಯಕ್ಕೆ ಬರೋಣ. 1871ರಲ್ಲಿ ಥಿಯೋಡೋರ್ ಲೆಬರ್ ಎಂಬ ಜರ್ಮನ್ ಕಣ್ಣಿನ ಡಾಕ್ಟರು ಇದನ್ನು ವಿವರವಾಗಿ ಬರೆದರು. ಅದಕ್ಕೇ ಇದಕ್ಕೆ ಲೆಬರ್ ಹೆರಿಡಿಟರಿ ಆಪ್ಟಿಕ್ ನ್ಯೂರೋಪತಿ ಅನ್ನುತ್ತಾರೆ. ಚಿಕ್ಕದಾಗಿ ಎಲ್‌ಎಚ್‌ಒಎನ್. ಅವರು ಕಂಡದ್ದು ಹೆಚ್ಚಾಗಿ ಹರೆಯದ ಗಂಡಸರನ್ನು. ಅಲ್ಲಿಂದ ಇದಕ್ಕೆ 'ಹರೆಯದ ಗಂಡಸರ ಕಾಯಿಲೆ' ಎಂಬ ಹೆಸರೇ ಅಂಟಿಕೊಂಡುಬಿಟ್ಟಿತು. ಸುಳ್ಳಲ್ಲ, ಹದಿನೈದರಿಂದ ಮೂವತ್ತೈದರ ನಡುವೆಯೇ ಜಾಸ್ತಿ ಬರುವುದು. ಆದರೆ ಎರಡು ಮೂರು ವರ್ಷದ ಮಕ್ಕಳಲ್ಲೂ ಬಂದಿದೆ, ಎಂಬತ್ತು ದಾಟಿದವರಲ್ಲೂ ಬಂದಿದೆ. ಹೆಸರು ಹೀಗಿರುವುದರಿಂದ ಮಕ್ಕಳಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಬಂದಾಗ ಬೇರೆ ಏನೋ ಅಂದುಕೊಳ್ಳುವುದೇ ಹೆಚ್ಚು. ಒಂದೊಂದು ವಯಸ್ಸಲ್ಲಿ ಅದರ ಮುಖವೂ ಬೇರೆ. ನಾನು ನಿನಗೆ ಹೇಳಬೇಕಾದದ್ದು ಇಷ್ಟೇ: ವಯಸ್ಸನ್ನು ದಾಟಬೇಕಾದ ಗಡಿ ಅಂತ ನೋಡಬೇಡ. ಯಾವ ವಯಸ್ಸಲ್ಲಿ ಯಾವ ಲಕ್ಷಣ ಹುಡುಕಬೇಕು ಅನ್ನುವುದನ್ನು ತಿಳಿದುಕೋ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಗೊತ್ತಿರಲಿ. ನಮ್ಮ ಜೀವಕೋಶಗಳಿಗೆ ಶಕ್ತಿ ಮಾಡಿಕೊಡುವುದು ಮೈಟೊಕಾಂಡ್ರಿಯ. ಅದಕ್ಕೆ ಅದರದ್ದೇ ಪುಟ್ಟ ಡಿಎನ್‌ಎ ಇದೆ, 37 ಜೀನ್ ಮಾತ್ರ. ಅದು ಮಗುವಿಗೆ ತಾಯಿಯಿಂದಲೇ ಬರುತ್ತದೆ. ಆ ಡಿಎನ್‌ಎಯ 11778ನೇ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು 1988ರಲ್ಲಿ ಡಗ್ಲಸ್ ವಾಲೇಸ್ ಮತ್ತು ಜೊತೆಗಾರರು ಕಂಡುಹಿಡಿದರು. ಈ ಬದಲಾವಣೆ ಮೈಯ ಎಲ್ಲಾ ಕಡೆ ಇದ್ದರೂ ಏಟು ಬೀಳುವುದು ಕಣ್ಣಿನ ನರಕ್ಕೆ. ಯಾಕೆಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ಹತ್ತು-ಹನ್ನೆರಡು ಲಕ್ಷ ಎಳೆಗಳಲ್ಲಿ ನಡು ನೋಟದ ಎಳೆಗಳು ತುಂಬಾ ಸಣ್ಣವು. ಕಣ್ಣುಗುಡ್ಡೆ ದಾಟುವ ತನಕ ಅವಕ್ಕೆ ಮೇಲುಹೊದಿಕೆಯೂ ಇಲ್ಲ. ಹೊದಿಕೆ ಇಲ್ಲದ ಎಳೆಗೆ ಸುದ್ದಿ ಕಳಿಸೋಕೆ ಶಕ್ತಿ ಜಾಸ್ತಿ ಬೇಕು. ಸಣ್ಣ ಸಂಬಳದಲ್ಲಿ ದೊಡ್ಡ ಸಂಸಾರ ನಡೆಸಿದ ಹಾಗೆ ಅವು ಹೇಗೋ ತೂಗಿಸಿಕೊಂಡು ಹೋಗುತ್ತಿರುತ್ತವೆ. ಕೆಲವರಲ್ಲಿ ದೇಹ ಮೈಟೊಕಾಂಡ್ರಿಯಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಂಡು ಕೊರತೆ ತುಂಬುತ್ತದೆ. ಆ ತೂಗುವಿಕೆ ಎಲ್ಲಿ, ಯಾವಾಗ ತಪ್ಪುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನಿನ್ನ ವಯಸ್ಸಿಗೆ ಹೇಗೆ ಶುರುವಾಗುತ್ತದೆ ಅಂತ ನನ್ನದನ್ನೇ ಹೇಳುತ್ತೇನೆ. ನನಗಾಗ ಇಪ್ಪತ್ತಮೂರು. ಬಲಗಣ್ಣಿಗೆ ಧೂಳು ಬಿತ್ತೆಂದು ಮುಚ್ಚಿಕೊಂಡು ಉಜ್ಜುತ್ತಿದ್ದೆ. ಎದುರಿಗಿದ್ದ ಗೋಡೆ ಗಡಿಯಾರದ ಮುಳ್ಳುಗಳೇ ಕಾಣಲಿಲ್ಲ. ಅಂಚಿನ ಅಂಕಿಗಳು ಇವೆ, ನಡುವೆ ಬೂದು ಮಬ್ಬು. ಬಲಗಣ್ಣು ತೆರೆದ ಕೂಡಲೇ ಎಲ್ಲಾ ಸರಿ. ಅಂದರೆ ಎಡಗಣ್ಣು ಯಾವಾಗಲೋ ಕೆಟ್ಟಿತ್ತು, ಇನ್ನೊಂದು ಕಣ್ಣು ಅದನ್ನು ಮುಚ್ಚಿಹಾಕಿತ್ತು. ನೋವಿಲ್ಲ, ಕೆಂಪಾಗಿಲ್ಲ, ನೀರು ಸುರಿದಿಲ್ಲ. ಕೆಂಪು ಮುಚ್ಚಳದ ಪೆನ್ನು ಬಲಗಣ್ಣಿಗೆ ಕೆಂಪಾಗಿ, ಎಡಗಣ್ಣಿಗೆ ಕಂದು ಕಂದಾಗಿ ಕಾಣುತ್ತಿತ್ತು. ಬಣ್ಣ, ಅದರಲ್ಲೂ ಕೆಂಪು ಹಸಿರು, ಬೇಗ ಕೆಡುತ್ತವೆ ಅಂತ ಆಮೇಲೆ ತಿಳಿಯಿತು. ಎರಡು ತಿಂಗಳೊಳಗೆ ಬಲಗಣ್ಣೂ ಅದೇ ದಾರಿ ಹಿಡಿಯಿತು. ಸಾಮಾನ್ಯವಾಗಿ ಹೀಗೇ ಆಗುವುದು, ಕೆಲವು ವಾರ ಅಥವಾ ತಿಂಗಳ ಅಂತರದಲ್ಲಿ. ನಾಲ್ಕರಲ್ಲಿ ಒಬ್ಬರಿಗೆ ಎರಡೂ ಒಟ್ಟಿಗೇ.

ಆಗ ನಡೆದ ಇನ್ನೊಂದು ವಿಷಯ ನಿನಗೆ ಗೊತ್ತಿರಲೇಬೇಕು. ನಾನು ತೋರಿಸಿದ ಒಬ್ಬ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಪಾಪೆ ಚೆನ್ನಾಗಿ ಕುಗ್ಗುತ್ತಿದೆ, ನರವೂ ಗುಲಾಬಿ ಬಣ್ಣದಲ್ಲೇ ಇದೆ, ಕಣ್ಣಿಗೇನೂ ಆಗಿಲ್ಲ, ಮನಸ್ಸಿಗೇನಾದರೂ ಬೇಜಾರಿದೆಯಾ ಅಂದರು. ಈ ಕಾಯಿಲೆಯಲ್ಲಿ ಅದೇ ವಿಚಿತ್ರ. ಬೆಳಕಿಗೆ ಪಾಪೆ ಕುಗ್ಗಿಸುವ ಕೋಶಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ, ಓದುವ ಕೋಶಗಳು ಸಾಯುತ್ತವೆ. ಶುರುವಿನಲ್ಲಿ ನರ ಎಷ್ಟೋ ಜನರಲ್ಲಿ ಸರಿಯಾಗಿಯೇ ಕಾಣುತ್ತದೆ. ಕೆಲವರಲ್ಲಿ ಊದಿದಂತೆ ಕಂಡು, ಸುತ್ತ ಸಣ್ಣ ರಕ್ತನಾಳಗಳು ಸುರುಳಿ ಸುರುಳಿಯಾಗಿ ಕಾಣುತ್ತವೆ. ಬಣ್ಣದ ಇಂಜೆಕ್ಷನ್ ಕೊಟ್ಟು ಫೋಟೋ ತೆಗೆದರೂ ಸೋರಿಕೆ ಇರಲ್ಲ. ನಿಜವಾದ ಊತವಾದರೆ ಸೋರುತ್ತದೆ. ಹರೆಯದವರಲ್ಲಿ ಹೀಗೆ ಕಂಡಾಗ ನರದ ಉರಿಯೂತ ಅಂದುಕೊಂಡು ಸ್ಟೀರಾಯ್ಡ್ ಕೊಡುವುದು ಮಾಮೂಲು. ನನಗೂ ಕೊಟ್ಟರು, ಪ್ರಯೋಜನ ಆಗಲಿಲ್ಲ. ಉರಿಯೂತದಲ್ಲಿ ಕಣ್ಣು ಆಡಿಸಿದರೆ ಸಾಮಾನ್ಯವಾಗಿ ನೋವಿರುತ್ತದೆ. ನಮ್ಮದರಲ್ಲಿ ನೋವಿರಲ್ಲ. ನರ ಬಿಳಿಚಿಕೊಳ್ಳುವುದು ಆಮೇಲೆ, ವಾರಗಳು ಕಳೆದ ಮೇಲೆ. ಅಷ್ಟೊತ್ತಿಗೆ ಕೆಡಬೇಕಾದದ್ದು ಬಹಳಷ್ಟು ಕೆಟ್ಟಿರುತ್ತದೆ. ಹಾಗಾಗಿ ಲಕ್ಷಣ ನೋಡುವಾಗ ಮನುಷ್ಯನ ವಯಸ್ಸು ಒಂದಾದರೆ, ಶುರುವಾಗಿ ಎಷ್ಟು ದಿನವಾಯಿತು ಅನ್ನುವುದು ಇನ್ನೊಂದು.

ಈಗ ನಿನ್ನ ಚಿಕ್ಕಮಾವನ ಕಥೆ. ಅವನಿಗೆ ಶುರುವಾದಾಗ ಒಂಬತ್ತು ವರ್ಷ. ಶುರುವಾಯಿತು ಅನ್ನುವುದೂ ತಪ್ಪೇನೋ, ಯಾವಾಗ ಶುರುವಾಯಿತು ಅಂತ ಯಾರಿಗೂ ಗೊತ್ತಿಲ್ಲ. ಮಕ್ಕಳು ಹೇಳಲ್ಲ ಕಣೋ. ಒಂದು ಕಣ್ಣು ಕೆಟ್ಟರೆ ಇನ್ನೊಂದರಲ್ಲಿ ಆಡಿಕೊಂಡಿರುತ್ತವೆ. ಅವನು ಪುಸ್ತಕವನ್ನು ಓರೆ ಹಿಡಿದು, ಕತ್ತು ವಾಲಿಸಿ ಓದುತ್ತಿದ್ದ. ನಡು ನೋಟ ಬಿಟ್ಟು ಬದಿಯ ನೋಟದಲ್ಲಿ ಅಕ್ಷರ ಹಿಡಿಯುತ್ತಿದ್ದ. ಮನೆಯವರು ಚೇಷ್ಟೆ ಅಂದುಕೊಂಡರು. ಶಾಲೆಯ ಕಣ್ಣು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಕನ್ನಡಕ ಕೊಟ್ಟರು, ಸರಿಹೋಗಲಿಲ್ಲ. ಸೋಮಾರಿ ಕಣ್ಣು ಅಂದರು. ಎಷ್ಟೋ ದಿನದ ಮೇಲೆ ನನ್ನ ರಿಪೋರ್ಟ್ ಬಂತು, ಆಮೇಲೆ ಅವನದ್ದೂ ಅದೇ ಅಂತ ಗೊತ್ತಾಯಿತು.

ಹನ್ನೆರಡು ವರ್ಷದೊಳಗೆ ಶುರುವಾಗುವುದು ಒಟ್ಟು ಹತ್ತರಲ್ಲಿ ಒಂದರಷ್ಟು. ಆ ವಯಸ್ಸಲ್ಲಿ ಇದು ದೊಡ್ಡವರಲ್ಲಿ ಬಂದಂತೆ ಒಮ್ಮೆಗೇ ಎರಗಬಹುದು, ತಿಂಗಳುಗಟ್ಟಲೆ ನಿಧಾನವಾಗಿ ಜಾರಬಹುದು, ಸದ್ದಿಲ್ಲದೆ ಬಂದು ಯಾವಾಗಲೋ ಪರೀಕ್ಷೆಯಲ್ಲಿ ಪತ್ತೆಯಾಗಬಹುದು. ಪತ್ತೆಯಾಗುವ ಹೊತ್ತಿಗೆ ನರದ ಒಂದು ಬದಿ ಬಿಳಿಚಿಕೊಂಡಿರುತ್ತದೆ. ಆಗ ಇನ್ನೊಂದು ಕಾಯಿಲೆಯ ಜೊತೆ ಗೊಂದಲ ಆಗುವುದುಂಟು. ಒಪಿಎ1 ಎಂಬ ಜೀನಿನಿಂದ ಬರುವ ನರದ ಸವೆತ ಅದು. ಅದೂ ಚಿಕ್ಕ ವಯಸ್ಸಲ್ಲೇ ಮೆಲ್ಲಗೆ ಬರುತ್ತದೆ, ನೋವಿಲ್ಲ, ಎರಡೂ ಕಣ್ಣು ಒಟ್ಟೊಟ್ಟಿಗೆ. ಆದರೆ ಅದು ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು. ಅದಕ್ಕೇ ಮಗುವಿನ ಕಣ್ಣು ನೋಡುವಾಗ ಮನೆಯ ಎರಡೂ ಕಡೆಯ ಕಥೆ ಕೇಳದ ಡಾಕ್ಟರನ್ನು ನಾನು ನಂಬುವುದಿಲ್ಲ.

ಒಳ್ಳೆಯ ಸುದ್ದಿಯೂ ಚಿಕ್ಕ ವಯಸ್ಸಿನ ಪಾಲಿಗೇ ಇದೆ. ಮಕ್ಕಳಲ್ಲಿ ಬಂದದ್ದು ಎಷ್ಟೋ ಸಲ ಅರ್ಧಕ್ಕೆ ನಿಲ್ಲುತ್ತದೆ, ಸ್ವಲ್ಪ ವಾಪಸೂ ಬರುತ್ತದೆ. 11778 ಇರುವ ದೊಡ್ಡವರಲ್ಲಿ ತಾನಾಗಿಯೇ ಲೆಕ್ಕಕ್ಕೆ ಬರುವಷ್ಟು ಚೇತರಿಸಿಕೊಳ್ಳುವವರು ಹತ್ತರಲ್ಲಿ ಒಬ್ಬಿಬ್ಬರು. ಇದೇ ಕಾಯಿಲೆ ತರುವ 14484 ಎಂಬ ಇನ್ನೊಂದು ನಂಬರಿನವರಿಗೆ ಅದೃಷ್ಟ ಜಾಸ್ತಿ. ನಿನ್ನ ಚಿಕ್ಕಮಾವ ಇವತ್ತು ದಪ್ಪ ಅಕ್ಷರ ಓದುತ್ತಾನೆ, ನಾನು ಓದಲ್ಲ. ಅವನಿಗೆ ವಾಪಸ್ ಬಂದದ್ದು ಮಬ್ಬು ಪೂರ್ತಿ ಕರಗಿ ಅಲ್ಲ. ಮಬ್ಬಿನ ನಡುವೆ ಸಣ್ಣದೊಂದು ಕಿಂಡಿ ತೆರೆಯಿತಂತೆ. ಅದರೊಳಗೆ ಒಂದು ಸಲಕ್ಕೆ ಎರಡು ಮೂರು ಅಕ್ಷರ ಕಾಣುತ್ತವೆ. ಅಷ್ಟರಲ್ಲೇ ಡಿಗ್ರಿ ಮುಗಿಸಿದ, ಗೊತ್ತಲ್ಲ.

ಇನ್ನು ವಯಸ್ಸಾದ ಮೇಲೆ. ಕಣ್ಣು ಕಳೆದುಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯಾದರೂ ಐವತ್ತರೊಳಗೇ ಕಳೆದುಕೊಂಡವರು. ಅಂದರೆ ನೀನು ಹೇಳುವುದರಲ್ಲಿ ಹುರುಳಿದೆ, ವರ್ಷ ಕಳೆದಷ್ಟೂ ಅಪಾಯ ಇಳಿಯುತ್ತದೆ. ಆದರೆ ಸೊನ್ನೆ ಆಗಲ್ಲ. ನನ್ನ ಸೋದರಮಾವನಿಗೆ, ಅಂದರೆ ನಿನ್ನ ಅಜ್ಜಿಯ ತಮ್ಮನಿಗೆ, ಐವತ್ತೆಂಟಕ್ಕೆ ಬಂತು. ಆ ವಯಸ್ಸಲ್ಲಿ ಕಣ್ಣು ಮಂಜಾದರೆ ಪೊರೆ ಅಂತಾರೆ, ಗ್ಲಾಕೋಮಾ ಅಂತಾರೆ, ಸಕ್ಕರೆ ಅಂತಾರೆ, ನರಕ್ಕೆ ರಕ್ತ ಹೋಗಿಲ್ಲ ಅಂತಾರೆ. ಸವೆದ ನರದ ನಡುವಿನ ಗುಳಿ ಹಿಗ್ಗಿ ಗ್ಲಾಕೋಮಾದ ಹಾಗೇ ಕಾಣುವುದೂ ಉಂಟು. ಅವರಿಗೆ ಪೊರೆಯೂ ಇತ್ತು, ಆಪರೇಷನ್ನೂ ಆಯಿತು, ನೋಟ ಬರಲಿಲ್ಲ. ವಯಸ್ಸಾದಂತೆ ಎಲ್ಲರ ನರದಲ್ಲೂ ಎಳೆಗಳು ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತವೆ, ಮೈಟೊಕಾಂಡ್ರಿಯವೂ ದಣಿಯುತ್ತದೆ. ಅದರ ಮೇಲೆ ಅವರು ಎಡೆಬಿಡದೆ ಬೀಡಿ ಸೇದುತ್ತಿದ್ದರು. ತಡವಾಗಿ ಬರುವವರಲ್ಲಿ ಹೊಗೆ, ಕುಡಿತದ ಜೊತೆ ನಂಟು ಮತ್ತೆ ಮತ್ತೆ ಕಂಡುಬಂದಿದೆ.

ಈ ಹೊಗೆಯ ವಿಷಯದಲ್ಲಿ ನಾನು ನಿನ್ನ ಜೊತೆ ಸಲಿಗೆ ತೋರಿಸಲ್ಲ. 2009ರಲ್ಲಿ ಯೂರೋಪಿನ ಕುಟುಂಬಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ದೋಷ ಇದ್ದು ಸಿಗರೇಟು ಸೇದುತ್ತಿದ್ದ ಗಂಡಸರಲ್ಲಿ ಶೇಕಡಾ 93ರಷ್ಟು ಮಂದಿಗೆ ಕಣ್ಣು ಹೋಗಿತ್ತು. ಅದು ಕಾಯಿಲೆ ಜಾಸ್ತಿ ಇದ್ದ ಮನೆಗಳ ಲೆಕ್ಕ, ಒಪ್ಪುತ್ತೇನೆ. ಆದರೂ ಸೇದದವರಿಗಿಂತ ಸೇದುವವರದ್ದು ಬಹಳ ಮೇಲಿತ್ತು. ವಯಸ್ಸು ನಿನ್ನ ಕೈಯಲ್ಲಿಲ್ಲ, ತಾಯಿಯ ಡಿಎನ್‌ಎ ನಿನ್ನ ಕೈಯಲ್ಲಿಲ್ಲ. ಸಿಗರೇಟು ಕೈಯಲ್ಲೇ ಇರುತ್ತದೆ. ಸ್ನೇಹಿತರ ಜೊತೆ ಒಂದೇ ಒಂದು ಅನ್ನುವ ಮಾತು ನನ್ನ ಹತ್ತಿರ ಬೇಡ. ಪಕ್ಕದವರು ಬಿಡುವ ಹೊಗೆಯಿಂದಲೂ ಎದ್ದು ಹೋಗು. ಕುಡಿತವೂ ಅಷ್ಟೇ, ಅದರಲ್ಲೂ ಒಂದೇ ರಾತ್ರಿ ಮಿತಿ ಮೀರಿ ಕುಡಿಯುವ ಚಟ.

ಔಷಧಿಗಳಲ್ಲೂ ಎಚ್ಚರ ಬೇಕು. ಟಿಬಿಗೆ ಕೊಡುವ ಎಥಾಂಬುಟಾಲ್ ಆರೋಗ್ಯವಂತರ ಕಣ್ಣಿನ ನರವನ್ನೇ ಕೆಡಿಸಬಲ್ಲದು. ಲಿನೆಝೋಲಿಡ್ ಎಂಬ ಆಂಟಿಬಯೋಟಿಕ್ ತಿಂಗಳುಗಟ್ಟಲೆ ತಗೊಂಡರೂ ಹಾಗೇ. ನೀನು ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಸರಿ, ಜ್ವರಕ್ಕೆ ಹೋದರೂ ಸರಿ, ಮೊದಲ ಮಾತು ಇದೇ ಆಗಿರಲಿ: ನನಗೆ ಲೆಬರ್ ದೋಷ ಇದೆ. ಬೇಕೇ ಬೇಕಾದ ಔಷಧಿಯನ್ನು ನೀನಾಗಿಯೇ ಬಿಡಬೇಡ, ಬದಲಿ ಇದೆಯಾ ಅಂತ ಕೇಳು. ವರ್ಷಕ್ಕೊಮ್ಮೆ ಬಿ12 ನೋಡಿಸು. ಅದು ಕಮ್ಮಿಯಾದರೂ ಕಣ್ಣಿನ ನರ ಸೊರಗುತ್ತದೆ. ಒಂದು ಸಲ ಇಸಿಜಿಯನ್ನೂ ಮಾಡಿಸು. ಈ ದೋಷ ಇರುವ ಕೆಲವರಲ್ಲಿ ಹೃದಯದ ಬಡಿತದ ತಂತಿಯಲ್ಲಿ ವ್ಯತ್ಯಾಸ ಇರುವುದುಂಟು.

ಪರೀಕ್ಷೆಯ ವಿಷಯ. ಈಗಲೇ, ಕಣ್ಣು ಚೆನ್ನಾಗಿರುವಾಗಲೇ, ಒಂದು ಓಸಿಟಿ ಸ್ಕ್ಯಾನ್ ಮಾಡಿಸಿ ಇಟ್ಟುಕೋ. ನರದ ಎಳೆಗಳ ಪದರ ಎಷ್ಟು ದಪ್ಪ ಇದೆ ಅಂತ ಅದು ಅಳೆಯುತ್ತದೆ. ಕಾಯಿಲೆ ಶುರುವಾಗುವಾಗ ಈ ಪದರ ಮೊದಲು ದಪ್ಪವಾಗುತ್ತದೆ, ಆಮೇಲೆ ತೆಳುವಾಗುತ್ತದೆ. ಹೋಲಿಸಿ ನೋಡೋಕೆ ಹಳೆಯದೊಂದು ಇಲ್ಲದಿದ್ದರೆ ದಪ್ಪವೋ ತೆಳುವೋ ಹೇಗೆ ಹೇಳೋದು? ಸ್ಕ್ರೀನಿನಲ್ಲಿ ಹಸಿರು ಬಂದರೆ ನಾರ್ಮಲ್ ಅನ್ನುತ್ತಾರೆ. ಆ ಹಸಿರು ನಿನ್ನ ವಯಸ್ಸಿನ ಬೇರೆಯವರ ಜೊತೆ ಹೋಲಿಸಿದ್ದು. ನಮಗೆ ಬೇಕಾದ್ದು ನಿನ್ನದೇ ಕಣ್ಣು ಕಳೆದ ವರ್ಷ ಹೇಗಿತ್ತು ಅನ್ನುವುದು. ಬಣ್ಣದ ಪರೀಕ್ಷೆ, ನೋಟದ ವಿಸ್ತಾರದ ಪರೀಕ್ಷೆಯ ಕಾಗದವನ್ನೂ ಇಟ್ಟುಕೋ.

ಮನೆಯಲ್ಲಿ ತಿಂಗಳಿಗೊಮ್ಮೆ ಒಂದು ಕಣ್ಣು ಮುಚ್ಚಿ ಒಂದು ಪುಟ ಓದು, ಒಂದು ಕೆಂಪು ವಸ್ತು ನೋಡು, ಇನ್ನೊಂದು ಕಣ್ಣಲ್ಲೂ ಹಾಗೇ ಮಾಡು. ಎರಡೂ ಕಡೆ ಒಂದೇ ಕೆಂಪಾ? ಅಕ್ಷರ ಯಾವುದಾದರೂ ಮಾಯವಾಗುತ್ತಿದೆಯಾ? ಅಷ್ಟು ಸಾಕು. ದಿನಾ ಬೆಳಿಗ್ಗೆ ಎದ್ದು ಕಣ್ಣು ಮುಚ್ಚಿ ತೆರೆದು ನೋಡಬೇಡ ಮಾರಾಯ. ನಿದ್ದೆಗೆಟ್ಟ ಕಣ್ಣಲ್ಲಿ ಏನೇನೋ ಕಾಣುತ್ತದೆ, ಸುಮ್ನೆ ತಲೆ ಕೆಡುತ್ತದೆ. ಆದರೆ ನಿಜವಾಗಿಯೂ ವ್ಯತ್ಯಾಸ ಕಂಡರೆ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಅಂತ ಕಾಯಬೇಡ. ಆ ವಾರದಲ್ಲೇ ಹೋಗು, ರಿಪೋರ್ಟ್ ಕೈಯಲ್ಲಿ ಹಿಡಿದೇ ಹೋಗು. ಈಗ ಐಡೆಬೆನೋನ್ ಎಂಬ ಮಾತ್ರೆ ಇದೆ. 2015ರಲ್ಲಿ ಯೂರೋಪಿನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ಹದಿಹರೆಯದವರಿಗೂ ದೊಡ್ಡವರಿಗೂ, ದಿನಕ್ಕೆ 900 ಮಿಲಿಗ್ರಾಂ. ಎಲ್ಲರಿಗೂ ಕೆಲಸ ಮಾಡಲ್ಲ, ಕೆಲವರಿಗೆ ಸ್ವಲ್ಪ ನೋಟ ವಾಪಸ್ ತರುತ್ತದೆ, ಬೇಗ ಶುರು ಮಾಡಿದರೆ ಒಳ್ಳೆಯದು. ಕಣ್ಣಿಗೆ ಜೀನ್ ಇಂಜೆಕ್ಷನ್ ಕೊಡುವ ಪ್ರಯೋಗಗಳೂ ನಡೆದಿವೆ. ಅದರಲ್ಲೊಂದು ಬೆರಗಿನ ವಿಷಯ, ಒಂದು ಕಣ್ಣಿಗೆ ಕೊಟ್ಟರೆ ಕೊಡದ ಇನ್ನೊಂದು ಕಣ್ಣೂ ಸುಧಾರಿಸಿತು. ನನ್ನ ಕಾಲಕ್ಕೆ ಇದ್ಯಾವುದೂ ಇರಲಿಲ್ಲ. ನಿನ್ನ ಕಾಲಕ್ಕೆ ಇನ್ನೂ ಏನೇನು ಬರುತ್ತದೋ.

ನಿನ್ನ ತಂಗಿಯ ವಿಷಯ ಬೇರೆಯೇ ಬರೆಯಬೇಕು. ಹೆಂಗಸರಿಗೆ ಅಪಾಯ ಕಡಿಮೆ. ಈಸ್ಟ್ರೋಜೆನ್ ಹಾರ್ಮೋನು ಕಾಯುತ್ತದೆ ಅನ್ನುವುದಕ್ಕೆ ಪ್ರಯೋಗಾಲಯದಲ್ಲಿ ಆಧಾರ ಇದೆ. ಆದರೆ ಅವರಲ್ಲಿ ಶುರುವಾಗುವ ವಯಸ್ಸು ಗಂಡಸರಂತೆ ಹರೆಯದಲ್ಲೇ ಗುಂಪಾಗಿ ನಿಲ್ಲಲ್ಲ, ನಲವತ್ತು ಐವತ್ತರ ತನಕ ಹರಡಿಕೊಳ್ಳುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಬಂದವರೂ ಇದ್ದಾರೆ. ಹಾಗಾಗಿ ನಿನ್ನಮ್ಮನೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಲಿ. ನನಗೇನೂ ಇಲ್ಲ ಬಿಡು ಅಂತ ಹೇಳುತ್ತಾಳೆ, ಬಿಡಬೇಡ. ನಿನ್ನ ಮಕ್ಕಳಿಗೆ ನಿನ್ನಿಂದ ಇದು ಹೋಗಲ್ಲ, ಅದನ್ನು ಯಾರು ಕೇಳಿದರೂ ಧೈರ್ಯವಾಗಿ ಹೇಳು. ತಂಗಿಯ ಮಕ್ಕಳಿಗೆ ಹೋಗುತ್ತದೆ. ಹೆಣ್ಣುಮಕ್ಕಳಿಂದ ಬರುತ್ತದೆ ಅನ್ನುವುದನ್ನೇ ಹಿಡಿದುಕೊಂಡು ಯಾರಾದರೂ ನಿನ್ನಮ್ಮನನ್ನೋ ತಂಗಿಯನ್ನೋ ಆಡಿಕೊಂಡರೆ ಅಲ್ಲೇ ಬಾಯಿ ಮುಚ್ಚಿಸು. ಯಾರೂ ಆರಿಸಿಕೊಂಡು ತಂದದ್ದಲ್ಲ. ಮುಂದೆ ಅವಳಿಗೆ ಮಕ್ಕಳಾದರೆ, ಆ ಮಕ್ಕಳು ಪುಸ್ತಕ ಓರೆ ಹಿಡಿಯುತ್ತವೆಯಾ ಅಂತ ನೋಡುವ ಕೆಲಸ ಸೋದರಮಾವನಾದ ನಿನ್ನದು.

ಸ್ಕ್ಯಾನಿಗೆ ಯಾವ ದಿನ ಹೋಗುತ್ತೀಯ ತಿಳಿಸು, ನಾನೂ ಬರುತ್ತೇನೆ. ನನ್ನ ಹಳೆಯ ಫೈಲು, ನಿನ್ನ ಚಿಕ್ಕಮಾವನ ಫೈಲು ಎರಡನ್ನೂ ತರುತ್ತೇನೆ. ಒಂದೇ ನಂಬರಿನ ಬೇರೆ ಬೇರೆ ವಯಸ್ಸಿನ ಕಣ್ಣುಗಳು ಪಕ್ಕ ಪಕ್ಕ ಸಿಕ್ಕರೆ ಡಾಕ್ಟರಿಗೂ ಅನುಕೂಲ. ತಂಗಿಯನ್ನೂ ಕರೆದುಕೊಂಡು ಬಾ. ಅಮ್ಮ ಬರಲ್ಲ ಅಂದರೆ ನನಗೆ ಫೋನ್ ಕೊಡು.

ಇಂತಿ ನಿನ್ನ
ಮಾವ